ಭೂಮಿ ಶಾಶ್ವತ, ವಿಮಾನ ಮೂರು ವರ್ಷ

ಬೆಳಗಾವಿಯಲ್ಲಿ ಸಾಂಬ್ರಾ ವಿಮಾನ ನಿಲ್ದಾಣದ ಮಾತು ತೆಗೆದರೆ ಮೊದಲು ಬರುವುದು ವೇಳೆಯ ಪ್ರಶ್ನೆ. ಬೆಂಗಳೂರಿಗೆ ಮುಂಜಾನಿ ವಿಮಾನ ಐತೋ ಇಲ್ಲೋ, ಮುಂಬೈದು ವಾರಕ್ಕೆ ಎಷ್ಟು ದಿನ, ಹೈದರಾಬಾದಿಂದು ನಿಂತೈತೋ ಮತ್ತ ಸುರು ಆಗೇತೋ. ಉದ್ಯಮಬಾಗದಲ್ಲಿ ಫೌಂಡ್ರಿ ನಡೆಸುವವರು ಇದನ್ನೇ ಕೇಳುತ್ತಾರೆ. ಮಗನನ್ನೋ ಮಗಳನ್ನೋ ಬೆಂಗಳೂರಿನ ಕಂಪನಿಗೆ ಕಳಿಸಿ ಖಾನಾಪುರದಲ್ಲಿ ಕೂತ ತಂದೆ-ತಾಯಿಯೂ ಇದನ್ನೇ ಕೇಳುತ್ತಾರೆ. ಎಂಬತ್ತು ವರ್ಷ ದಾಟಿದ ವಿಮಾನ ನಿಲ್ದಾಣ ಮಗ್ಗುಲಲ್ಲೇ ಇದ್ದರೂ ಬರುವ ವರ್ಷ ಅಲ್ಲಿಂದ ಯಾವ ಊರಿಗೆ ವಿಮಾನ ಏರಬಹುದು ಎಂದು ಖಾತ್ರಿಯಾಗಿ ಹೇಳುವವರು ಯಾರೂ ಸಿಗುವುದಿಲ್ಲ.

ಇದಕ್ಕೆ ವಿಮಾನ ಕಂಪನಿಗಳ ಲಾಭ-ನಷ್ಟ ಕಾರಣ ಎನ್ನುವುದು ಅರ್ಧ ಉತ್ತರ. ಉಳಿದರ್ಧ ಸರ್ಕಾರದ ಕಾಗದಗಳಲ್ಲಿದೆ. ನಿಲ್ದಾಣಕ್ಕೆ ಭೂಮಿ ಕೊಟ್ಟವರನ್ನು ಒಂದು ಕಾನೂನು ಕಟ್ಟಿಹಾಕಿದೆ, ಅಲ್ಲಿಂದ ಹಾರುವವರನ್ನು ಇನ್ನೊಂದು ಕರಾರು ಕಟ್ಟಿದೆ. ಎರಡನ್ನೂ ಜೊತೆಗಿಟ್ಟು ಓದುವವರು ಕಡಿಮೆ. ಓದಿದರೆ ಅಸಮಾನತೆ ಕಣ್ಣಿಗೆ ರಾಚುತ್ತದೆ: ರೈತನಿಂದ ಭೂಮಿ ಒಮ್ಮೆ ಹೋದರೆ ಹೋಯಿತು, ವಿಮಾನ ಕಂಪನಿಯ ಹೊಣೆ ಮಾತ್ರ ಸಬ್ಸಿಡಿಯ ಅವಧಿಗೇ ಮುಗಿಯುತ್ತದೆ.

ಸಾಂಬ್ರಾದ ವಿಮಾನ ಪಟ್ಟಿಯನ್ನು 1942ರಲ್ಲಿ ಬ್ರಿಟಿಷರ ವಾಯುಪಡೆ ಕಟ್ಟಿತು. ಎರಡನೇ ಮಹಾಯುದ್ಧದ ಕಾಲ ಅದು. ಇಲ್ಲಿ ತರಬೇತಿ ನಡೆಯುತ್ತಿತ್ತು. ಆಮೇಲೆ ಭಾರತೀಯ ವಾಯುಪಡೆಯ ವಾಯುಯೋಧರ ತರಬೇತಿ ಶಾಲೆ ಇಲ್ಲಿ ನೆಲೆಯೂರಿತು, ಅದು ಈಗಲೂ ಇದೆ. ನಾಗರಿಕ ವಿಮಾನಗಳಿಗೆ ಇದು ಉತ್ತರ ಕರ್ನಾಟಕದ ಅತಿ ಹಳೆಯ ನಿಲ್ದಾಣ. ಆದರೆ ರನ್‌ವೇ ಬಹುಕಾಲ 1,830 ಮೀಟರಿನಷ್ಟೇ ಇತ್ತು. ಏರ್‌ಬಸ್ 320, ಬೋಯಿಂಗ್ 737ರಂಥ ವಿಮಾನಗಳು ನಿರಾಳವಾಗಿ ಇಳಿದು ಏರಲು ಅದು ಸಾಲದು. ರಾಜ್ಯ ಸರ್ಕಾರ ಮತ್ತು ವಿಮಾನ ನಿಲ್ದಾಣ ಪ್ರಾಧಿಕಾರ 2006ರಲ್ಲಿ ಒಪ್ಪಂದ ಮಾಡಿಕೊಂಡವು. ರಾಜ್ಯವು ಸುಮಾರು 370 ಎಕರೆ ಭೂಮಿಯನ್ನು ಪ್ರಾಧಿಕಾರಕ್ಕೆ ಉಚಿತವಾಗಿ ಕೊಟ್ಟಿತು. ರನ್‌ವೇ 2,300 ಮೀಟರಿಗೆ ಬೆಳೆಯಿತು, ಹೊಸ ಟರ್ಮಿನಲ್ ಎದ್ದಿತು. 2017ರ ಸೆಪ್ಟೆಂಬರ್ 14ರಂದು ಆಗಿನ ಕೇಂದ್ರ ವಿಮಾನಯಾನ ಸಚಿವ ಅಶೋಕ್ ಗಜಪತಿ ರಾಜು ಅದನ್ನು ಉದ್ಘಾಟಿಸಿದರು.

ಸರ್ಕಾರದಿಂದ ಪ್ರಾಧಿಕಾರಕ್ಕೆ ಉಚಿತವಾಗಿ ಹೋದ ಭೂಮಿ ಅದಕ್ಕೂ ಮೊದಲು ಯಾರದೋ ಹೊಲವಾಗಿತ್ತು. ಸ್ವಾಧೀನ ನಡೆದದ್ದು 1894ರ ಭೂಸ್ವಾಧೀನ ಕಾಯ್ದೆ ಜಾರಿಯಲ್ಲಿದ್ದ ಕಾಲದಲ್ಲಿ. ಆ ಕಾಯ್ದೆ ಒಂದು ಮನೆಯೊಳಗೆ ಹೇಗೆ ಇಳಿಯುತ್ತದೆ ಎಂಬುದನ್ನು ಸಮೀಪದಿಂದ ನೋಡಬೇಕು. ಮೊದಲು 4ನೇ ಕಲಮಿನ ಅಧಿಸೂಚನೆ ಬರುತ್ತದೆ. ಗೆಜೆಟ್‌ನಲ್ಲಿ, ಎರಡು ಪತ್ರಿಕೆಗಳಲ್ಲಿ, ಊರ ಚಾವಡಿಯಲ್ಲಿ ಜಾಹೀರು. ಆ ತಾರೀಖಿಗೆ ಬೆಲೆ ನಿಂತುಬಿಡುತ್ತದೆ, ಆಮೇಲೆ ಪಕ್ಕದ ಹೊಲ ಎಷ್ಟಕ್ಕೆ ಮಾರಿದರೂ ಲೆಕ್ಕಕ್ಕಿಲ್ಲ. ಬಳಿಕ ತಕರಾರಿನ ವಿಚಾರಣೆ, 6ನೇ ಕಲಮಿನ ಘೋಷಣೆ. ಬಳಿಕ 9ನೇ ಕಲಮಿನ ನೋಟಿಸು ಮನೆಗೆ ಬರುತ್ತದೆ. ಆಗ ಉತಾರ ತೆಗೆಸಿ ನೋಡಿದರೆ ಅದರಲ್ಲಿ ತೀರಿಹೋದ ಅಜ್ಜನ ಹೆಸರೇ ಇರುತ್ತದೆ. ಅಣ್ಣ-ತಮ್ಮಂದಿರ ವಾಟ್ನಿ ಬಾಯಿಮಾತಿನಲ್ಲಿ ಆಗಿರುತ್ತದೆ. ಕೊಟ್ಟ ಮನೆಯಲ್ಲಿರುವ ಅಕ್ಕ-ತಂಗಿಯರ ಪಾಲು ಕಾಗದದಲ್ಲಿ ಇರುವುದಿಲ್ಲ. ವಾರಸಾ ಮಾಡಿಸಲು ತಲಾಠಿ ಕಚೇರಿ, ತಹಶೀಲ್ದಾರ ಕಚೇರಿ ಎಂದು ಓಡಾಟ ಸುರುವಾಗುತ್ತದೆ. ಪಾಲಿನ ತಕರಾರು ಬಗೆಹರಿಯದಿದ್ದರೆ ದುಡ್ಡು ಕೋರ್ಟಿನಲ್ಲಿ ಕೂರುತ್ತದೆ. ಆ ಹೊತ್ತಿಗೆ ಭೂಮಿ 16ನೇ ಕಲಮಿನಂತೆ ಯಾವ ಋಣಭಾರವೂ ಇಲ್ಲದೆ ಸರ್ಕಾರದ್ದಾಗಿರುತ್ತದೆ.

ಹಣದ ಲೆಕ್ಕವನ್ನೂ ನೋಡೋಣ. ಅಂಕಿ ಊಹೆಯದು, ಲೆಕ್ಕದ ರೀತಿ ಕಾಯ್ದೆಯದು. ಎಕರೆಗೆ ಮಾರುಕಟ್ಟೆ ಬೆಲೆ 4 ಲಕ್ಷ ರೂಪಾಯಿ ಎಂದು ಅಧಿಕಾರಿ ನಿಗದಿ ಮಾಡಿದರೆಂದು ಇಟ್ಟುಕೊಳ್ಳಿ. ಬಲವಂತದ ಸ್ವಾಧೀನವೆಂದು ಅದರ ಮೇಲೆ ಶೇ 30 ಸೊಲೇಷಿಯಂ, ಅಂದರೆ 1.20 ಲಕ್ಷ. ಅಧಿಸೂಚನೆಯಿಂದ, ಪರಿಹಾರ ಗೊತ್ತುಮಾಡುವ ಐತೀರ್ಪಿನ ತನಕ ವರ್ಷಕ್ಕೆ ಶೇ 12ರಂತೆ ಹೆಚ್ಚುವರಿ, ಎರಡು ವರ್ಷ ಹಿಡಿದರೆ 96 ಸಾವಿರ. ಒಟ್ಟು 6.16 ಲಕ್ಷ. ಇಲ್ಲಿ ಗಂಟು ಇರುವುದು ಆ ಮೊದಲಿನ 4 ಲಕ್ಷದಲ್ಲಿ. ಮಾರುಕಟ್ಟೆ ಬೆಲೆಯೆಂದು ಅಧಿಕಾರಿ ತೆಗೆದುಕೊಳ್ಳುವುದು ಸಬ್‌ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿಯಾದ ಖರೀದಿ ಪತ್ರಗಳ ಮೊತ್ತ. ಮುದ್ರಾಂಕ ಶುಲ್ಕ ಉಳಿಸಲು ಖರೀದಿ ಪತ್ರದಲ್ಲಿ ಕಡಿಮೆ ಮೊತ್ತ ಬರೆಸುವುದು ನಮ್ಮಲ್ಲಿ ಹಳೆಯ ರೂಢಿ. ಹೀಗಾಗಿ ಊರವರೆಲ್ಲ ಸೇರಿ ಉಳಿಸಿದ ಶುಲ್ಕದ ದಂಡವನ್ನು ಭೂಮಿ ಕಳೆದುಕೊಂಡ ಕೆಲವೇ ಮನೆಗಳು ತೆರುತ್ತವೆ.

ಒಪ್ಪದವರಿಗೆ 18ನೇ ಕಲಮಿನ ದಾರಿ ಇತ್ತು. ಐತೀರ್ಪು ಹೇಳುವಾಗ ಹಾಜರಿದ್ದವರು ಆರು ವಾರದೊಳಗೆ ಅರ್ಜಿ ಕೊಡಬೇಕು, ಪ್ರಕರಣ ಸಿವಿಲ್ ಕೋರ್ಟಿಗೆ ಹೋಗುತ್ತದೆ. ಕೋರ್ಟು ಬೆಲೆ ಏರಿಸಿದರೆ ಹೆಚ್ಚಿನ ಮೊತ್ತಕ್ಕೆ ಭೂಮಿ ವಶವಾದ ದಿನದಿಂದ ಮೊದಲ ವರ್ಷ ಶೇ 9, ಆಮೇಲೆ ಶೇ 15 ಬಡ್ಡಿ. ಪಕ್ಕದ ಹೊಲದವನು ಕೋರ್ಟಿನಲ್ಲಿ ಗೆದ್ದರೆ, ಅದೇ ಅಧಿಸೂಚನೆಯ ಉಳಿದವರು ಮೂರು ತಿಂಗಳೊಳಗೆ 28-ಎ ಕಲಮಿನಡಿ ತಮಗೂ ಅದೇ ದರ ಕೇಳಬಹುದಿತ್ತು. ಓದು ಬಲ್ಲ, ವಕೀಲರ ಗುರುತಿರುವ, ನಾಲ್ಕು ವರ್ಷ ಕಾಯುವ ಶಕ್ತಿ ಇರುವ ಮನೆಗೆ ಇದರಿಂದ ನ್ಯಾಯ ಸಿಕ್ಕಿತು. ಮೂರು ತಿಂಗಳ ಗಡುವಿನ ಸುದ್ದಿಯೇ ಗೊತ್ತಿರದ ಮನೆಗೆ ಅದು ಇದ್ದೂ ಇಲ್ಲದಂತೆ. ಆ ಹೊಲದಲ್ಲಿ ಕಳೆ ತೆಗೆದು, ಜೋಳ ಕೊಯ್ದು ಬದುಕುತ್ತಿದ್ದ ಕೂಲಿಯವರನ್ನಂತೂ 1894ರ ಕಾಯ್ದೆ ಕಣ್ಣೆತ್ತಿಯೂ ನೋಡಲಿಲ್ಲ. ಅವರ ಹೆಸರಿನಲ್ಲಿ ಉತಾರ ಇರಲಿಲ್ಲ, ಹಾಗಾಗಿ ಅವರ ನಷ್ಟಕ್ಕೆ ಲೆಕ್ಕವೂ ಇರಲಿಲ್ಲ.

2014ರ ಜನವರಿ 1ರಿಂದ ಹೊಸ ಕಾಯ್ದೆ ಬಂತು. ಅದೇ 4 ಲಕ್ಷದ ಎಕರೆಗೆ ಈಗ ಸೊಲೇಷಿಯಂ ಶೇ 100. ಗ್ರಾಮೀಣ ಭಾಗದಲ್ಲಿ ಮಾರುಕಟ್ಟೆ ಬೆಲೆಯನ್ನು ಪೇಟೆಯಿಂದಿರುವ ದೂರ ನೋಡಿ ಎರಡು ಪಟ್ಟಿನವರೆಗೆ ಗುಣಿಸಬಹುದು. ಹಿಂದೆ 6.16 ಲಕ್ಷ ಆಗುತ್ತಿದ್ದದ್ದು ಗುಣಕ ಒಂದಾದರೆ 8.96 ಲಕ್ಷ, ಎರಡಾದರೆ 16.96 ಲಕ್ಷ ಆಗುತ್ತದೆ. ಮೂರು ವರ್ಷದಿಂದ ಅದೇ ಭೂಮಿಯನ್ನು ನಂಬಿದ್ದ ಗೇಣಿದಾರರು, ಕೃಷಿ ಕೂಲಿಗಳು, ಕುಶಲಕರ್ಮಿಗಳೂ ಬಾಧಿತ ಕುಟುಂಬಗಳ ಲೆಕ್ಕಕ್ಕೆ ಬಂದರು. ಅಂಥ ಕುಟುಂಬಕ್ಕೆ ಉದ್ಯೋಗ, ಇಲ್ಲವೇ 5 ಲಕ್ಷ ರೂಪಾಯಿ ಇಡಿಗಂಟು, ಇಲ್ಲವೇ ಇಪ್ಪತ್ತು ವರ್ಷ ತಿಂಗಳಿಗೆ 2,000 ರೂಪಾಯಿ ಎಂದು ಎರಡನೇ ಅನುಸೂಚಿ ಹೇಳುತ್ತದೆ. ಸಾಂಬ್ರಾದವರು ಈ ಗೆರೆಯ ಆಚೆ ಬದಿಯಲ್ಲಿ ಉಳಿದರು. ಕೆಲವೇ ವರ್ಷಗಳ ಅಂತರದಲ್ಲಿ ಒಂದೇ ಬಗೆಯ ತ್ಯಾಗಕ್ಕೆ ಎರಡು ಬೆಲೆ ಬಂದಿತು. ಇದು ನನಗೆ ಸಣ್ಣ ವಿಷಯವಾಗಿ ಕಾಣುವುದಿಲ್ಲ. ಹೊಸ ಕಾಯ್ದೆಯ ಸಾಮಾಜಿಕ ಪರಿಣಾಮ ಅಧ್ಯಯನ ಎಂಬ ಒಳ್ಳೆಯ ಮೆಟ್ಟಿಲನ್ನು ಕರ್ನಾಟಕವು 2019ರ ತಿದ್ದುಪಡಿಯಲ್ಲಿ ಮೂಲಸೌಕರ್ಯದಂಥ ಯೋಜನೆಗಳಿಗೆ ಕೈಬಿಡಲು ಅವಕಾಶ ಮಾಡಿಕೊಂಡದ್ದನ್ನೂ ಇಲ್ಲಿ ನೆನೆಯಬೇಕು.

ಪರಿಹಾರ ತಡವಾದರೆ ಏನು ಎಂಬುದಕ್ಕೆ ನಮ್ಮ ರಾಜ್ಯದ್ದೇ ದೊಡ್ಡ ತೀರ್ಪು ಇದೆ. ಬೆಂಗಳೂರು–ಮೈಸೂರು ಕಾರಿಡಾರಿಗೆ 2003ರಲ್ಲಿ ಅಧಿಸೂಚನೆ ಹೊರಡಿಸಿ, 2005ರಲ್ಲಿ ವಶಕ್ಕೆ ತೆಗೆದುಕೊಂಡ ಭೂಮಿಗೆ 2019ರ ತನಕ ಐತೀರ್ಪೇ ಆಗಿರಲಿಲ್ಲ. 2025ರ ಜನವರಿ 2ರಂದು ಸುಪ್ರೀಂ ಕೋರ್ಟು, ಆಸ್ತಿಯ ಹಕ್ಕು ಮೂಲಭೂತ ಹಕ್ಕಲ್ಲದಿದ್ದರೂ ಸಂವಿಧಾನದ 300-ಎ ವಿಧಿಯಂತೆ ಸಾಂವಿಧಾನಿಕ ಹಕ್ಕು ಎಂದು ಎತ್ತಿಹಿಡಿದು, 2019ರ ಏಪ್ರಿಲ್ 22ರ ಮಾರುಕಟ್ಟೆ ಬೆಲೆಯಂತೆ ಹೊಸದಾಗಿ ಐತೀರ್ಪು ಮಾಡಲು ಹೇಳಿತು. ಇಪ್ಪತ್ತೆರಡು ವರ್ಷ ಕೋರ್ಟಿನ ಮೆಟ್ಟಿಲು ಹತ್ತಿದವರಿಗೆ ಸಿಕ್ಕ ತೀರ್ಪು ಇದು.

ಭೂಮಿ ಹೋಗದ ಮನೆಗಳ ಮೇಲೂ ನಿಲ್ದಾಣದ ಕಟ್ಟಳೆ ಇದೆ. ರನ್‌ವೇ ಸುತ್ತ ಕಟ್ಟಡದ ಎತ್ತರಕ್ಕೆ ಮಿತಿ ಹಾಕುವ ಕೇಂದ್ರದ ನಿಯಮಗಳು 2015ರಲ್ಲಿ ಬಂದವು. ಎತ್ತರದ ಕಟ್ಟಡಕ್ಕೆ ಪ್ರಾಧಿಕಾರದ ನಿರಾಕ್ಷೇಪಣಾ ಪತ್ರ ಬೇಕು. ವಿಮಾನದ ಸುರಕ್ಷತೆಗೆ ಅದು ಬೇಕಾದದ್ದೇ. ಆದರೆ ಸಾಂಬ್ರಾ, ಬಾಳೇಕುಂದ್ರಿ ಕಡೆಯ ಹಳ್ಳಿಗಳು ಈ ನಿಲ್ದಾಣಕ್ಕೆ ಕೊಟ್ಟದ್ದರ ಪಟ್ಟಿ ಮಾಡುವಾಗ ಇದನ್ನೂ ಬರೆದುಕೊಳ್ಳಬೇಕು.

ಇನ್ನು ವಿಮಾನದ ಕಡೆಯ ಕಾಗದ. 2016ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ರಾಷ್ಟ್ರೀಯ ನಾಗರಿಕ ವಿಮಾನಯಾನ ನೀತಿ ತಂದಿತು, ಅದೇ ಅಕ್ಟೋಬರ್‌ನಲ್ಲಿ ಉಡಾನ್ ಯೋಜನೆ ಹೊರಟಿತು. ಲೆಕ್ಕ ಹೀಗಿದೆ. ದೊಡ್ಡ ಊರುಗಳ ನಡುವೆ ಹಾರುವ ವಿಮಾನಗಳ ಮೇಲೆ ಪ್ರತಿ ಹಾರಾಟಕ್ಕೆ ಒಂದಿಷ್ಟು ಸುಂಕ ಹಾಕಿ ನಿಧಿ ಕಟ್ಟುವುದು. ಚಿಕ್ಕ ಊರುಗಳ ಮಾರ್ಗಕ್ಕೆ ಟೆಂಡರ್ ಕರೆದು, ಒಂದು ಆಸನಕ್ಕೆ ಎಲ್ಲರಿಗಿಂತ ಕಡಿಮೆ ಸಹಾಯಧನ ಕೇಳಿದ ಕಂಪನಿಗೆ ಆ ಮಾರ್ಗ ಕೊಡುವುದು. ಅರ್ಧದಷ್ಟು ಆಸನಗಳ ದರಕ್ಕೆ ಮಿತಿ ಇರುತ್ತದೆ; ಸುಮಾರು ಒಂದು ತಾಸಿನ ಪ್ರಯಾಣಕ್ಕೆ ಆರಂಭದಲ್ಲಿ ಇದ್ದ ಮಿತಿ 2,500 ರೂಪಾಯಿ. ಸಹಾಯಧನ ಸಿಗುವುದೂ ಆ ಆಸನಗಳಿಗೇ. ಐವತ್ತು ಆಸನದ ವಿಮಾನವಾದರೆ ಇಪ್ಪತ್ತೈದು ಆಸನ ಈ ಲೆಕ್ಕದವು, ಉಳಿದದ್ದಕ್ಕೆ ಕಂಪನಿ ತನ್ನ ದರ ಹಾಕಿಕೊಳ್ಳಬಹುದು. ಸಹಾಯಧನದಲ್ಲಿ ಶೇ 20 ರಾಜ್ಯ ಸರ್ಕಾರದ್ದು. ಅದರ ಜೊತೆಗೆ ರಾಜ್ಯವು ವಿಮಾನದ ಇಂಧನಕ್ಕೆ ಹತ್ತು ವರ್ಷ ಶೇ 1ರಷ್ಟೇ ತೆರಿಗೆ ಹಾಕಬೇಕು, ಪೊಲೀಸ್ ಮತ್ತು ಅಗ್ನಿಶಾಮಕ ಸೇವೆಯನ್ನು ಬಿಟ್ಟಿ ಕೊಡಬೇಕು. ಪ್ರಾಧಿಕಾರವು ಇಳಿಯುವ, ನಿಲ್ಲುವ ಶುಲ್ಕ ಬಿಡಬೇಕು. ಇಷ್ಟೆಲ್ಲ ಸವಲತ್ತಿಗೆ ಮೂರು ವರ್ಷದ ಅವಧಿ, ಆ ಮೂರು ವರ್ಷ ಆ ಮಾರ್ಗ ಆ ಕಂಪನಿಗೇ ಮೀಸಲು.

ಅರ್ಹತೆಗೆ ಒಂದು ಷರತ್ತಿತ್ತು: ವಿಮಾನವೇ ಬಾರದ, ಇಲ್ಲವೇ ವಾರಕ್ಕೆ ಏಳಕ್ಕಿಂತ ಹೆಚ್ಚು ಹಾರಾಟ ಇಲ್ಲದ ನಿಲ್ದಾಣ ಆಗಿರಬೇಕು. 2018ರ ಜನವರಿಯ ಎರಡನೇ ಸುತ್ತಿನಲ್ಲಿ ಹುಬ್ಬಳ್ಳಿಗೆ ಮಾರ್ಗಗಳು ಸಿಕ್ಕವು. ಸಾಂಬ್ರಾ ಪಟ್ಟಿಯಲ್ಲಿರಲಿಲ್ಲ. ಆ ಮೇ ತಿಂಗಳಲ್ಲಿ ಸ್ಪೈಸ್‌ಜೆಟ್ ತನ್ನ ಸೇವೆಯನ್ನು ಬೆಳಗಾವಿಯಿಂದ ತೆಗೆದು ಹುಬ್ಬಳ್ಳಿಗೆ ಒಯ್ದಿತು. ರನ್‌ವೇ ಉದ್ದವಾಗಿ, ಟರ್ಮಿನಲ್ ಹೊಸದಾಗಿ ವರ್ಷ ಕೂಡ ಆಗಿರಲಿಲ್ಲ. ಪ್ರಯಾಣಿಕರು ಕಡಿಮೆಯಾಗಿದ್ದರೆಂದು ಹೋದದ್ದಲ್ಲ. ನೂರು ಕಿಲೋಮೀಟರ್ ಆಚೆ ಅದೇ ವಿಮಾನ ಹಾರಿಸಿದರೆ ಸರ್ಕಾರ ಹಣ ಕೊಡುತ್ತದೆ, ಇಲ್ಲಿ ಕೊಡುವುದಿಲ್ಲ ಎಂದರೆ ಯಾವ ವ್ಯಾಪಾರಿಯಾದರೂ ಅದನ್ನೇ ಮಾಡುತ್ತಾನೆ. ತಪ್ಪು ನೀತಿಯದು. ಸಂಪರ್ಕ ಇಲ್ಲದ ಕಡೆ ಸಂಪರ್ಕ ಕೊಡಲು ಹುಟ್ಟಿದ ಯೋಜನೆ, ಇದ್ದ ಸಂಪರ್ಕವನ್ನು ಕಿತ್ತು ಪಕ್ಕದ ಊರಿಗೆ ನೆಟ್ಟಿತು. ಬೆಳಗಾವಿಯವರು ಬೀದಿಗಿಳಿದರು, ಆಗಿನ ಸಂಸದ ಸುರೇಶ ಅಂಗಡಿ ದಿಲ್ಲಿಯಲ್ಲಿ ಒತ್ತಡ ತಂದರು. ಹುಬ್ಬಳ್ಳಿ ಮತ್ತು ಬೆಳಗಾವಿಯ ನಡುವೆ ಮೊದಲೇ ಇದ್ದ ಪೈಪೋಟಿಗೆ ಇದು ಇನ್ನಷ್ಟು ಕಹಿ ಬೆರೆಸಿತು. ಎರಡೂ ನಮ್ಮದೇ ಊರುಗಳು, ಎರಡಕ್ಕೂ ವಿಮಾನ ಬೇಕು.

2019ರ ಜನವರಿಯ ಮೂರನೇ ಸುತ್ತಿನಲ್ಲಿ ಸಾಂಬ್ರಾದ ಸರದಿ ಬಂತು. ಹತ್ತಕ್ಕೂ ಹೆಚ್ಚು ಮಾರ್ಗಗಳು ಸಿಕ್ಕವು. ನೆರೆಯ ಕೊಲ್ಲಾಪುರದ ಘೋಡಾವತ ಸಮೂಹದ ಸ್ಟಾರ್ ಏರ್ ಐವತ್ತು ಆಸನದ ಎಂಬ್ರೇರ್ ವಿಮಾನಗಳನ್ನು ತಂದಿತು. ಅಹಮದಾಬಾದ್, ಇಂದೋರ್, ನಾಸಿಕ್, ಹೈದರಾಬಾದ್, ತಿರುಪತಿ ಎಂದು ಫಲಕದಲ್ಲಿ ಊರುಗಳ ಹೆಸರು ತುಂಬಿದವು. ನಾಸಿಕ್‌ಗೆ ಹೋಗಲು ರಾತ್ರಿಯಿಡೀ ಬಸ್ಸಿನಲ್ಲಿ ಕೂರುತ್ತಿದ್ದವರಿಗೆ ಅದು ನಿಜವಾಗಿಯೂ ದೊಡ್ಡ ಅನುಕೂಲ. ಆ ದಿನಗಳ ಖುಷಿ ಸುಳ್ಳಾಗಿರಲಿಲ್ಲ. ಆದರೆ ಕರಾರಿನ ಗಡಿಯಾರ ನಡೆಯುತ್ತಲೇ ಇತ್ತು. ಇಲ್ಲಿಂದ ಹಾರುತ್ತಿದ್ದ ಇನ್ನೊಂದು ಕಂಪನಿ ಟ್ರೂಜೆಟ್ 2022ರಲ್ಲಿ ಹಾರಾಟವನ್ನೇ ನಿಲ್ಲಿಸಿತು. ಮೂರು ವರ್ಷ ತುಂಬಿದ ಮಾರ್ಗಗಳು ಒಂದೊಂದಾಗಿ ಕಳಚಿದವು.

ಇದು ಸಾಂಬ್ರಾ ಒಂದರ ಹಣೆಬರಹವಲ್ಲ ಎಂಬುದನ್ನು ಮಹಾಲೇಖಪಾಲರ 2023ರ ವರದಿ ತೋರಿಸಿತು. ಮೂರನೇ ಸುತ್ತಿನವರೆಗೆ ಹಂಚಿದ 774 ಮಾರ್ಗಗಳಲ್ಲಿ 403 ಸುರುವಾಗಲೇ ಇಲ್ಲ. ಸುರುವಾದ 371ರಲ್ಲಿ ಮೂರು ವರ್ಷ ಪೂರೈಸಿದ್ದು 112. ಸಹಾಯಧನ ನಿಂತ ಮೇಲೂ, 2023ರ ಮಾರ್ಚ್ ಹೊತ್ತಿಗೆ ಉಳಿದುಕೊಂಡದ್ದು ಬರೀ 54, ಅಂದರೆ ಹಂಚಿದ ಮಾರ್ಗಗಳಲ್ಲಿ ನೂರಕ್ಕೆ ಏಳು. ಬೀದರ್ ನೋಡಿ. 2020ರ ಫೆಬ್ರುವರಿಯಲ್ಲಿ ಅಲ್ಲಿ ವಿಮಾನ ಸುರುವಾಯಿತು, 2023ರ ಕೊನೆಗೆ ನಿಂತಿತು, 2025ರ ಏಪ್ರಿಲ್‌ನಲ್ಲಿ ರಾಜ್ಯ ಸರ್ಕಾರ ತನ್ನ ಬೊಕ್ಕಸದಿಂದ ಹಣ ಕೊಟ್ಟು ಮತ್ತೆ ಬೆಂಗಳೂರಿಗೆ ಹಾರಿಸಬೇಕಾಯಿತು.

ಮೂರು ವರ್ಷದಲ್ಲಿ ಮಾರ್ಗ ತನ್ನ ಕಾಲ ಮೇಲೆ ನಿಲ್ಲುತ್ತದೆ ಎಂಬುದು ಯೋಜನೆಯ ನಂಬಿಕೆ. ಸಾಂಬ್ರಾದ ಸುತ್ತಲಿನ ನಕ್ಷೆ ನೋಡಿದರೆ ಆ ನಂಬಿಕೆ ಎಷ್ಟು ತೆಳು ಎಂದು ತಿಳಿಯುತ್ತದೆ. ಆಗ್ನೇಯಕ್ಕೆ ಹುಬ್ಬಳ್ಳಿ, ಉತ್ತರಕ್ಕೆ ಕೊಲ್ಲಾಪುರ, ಪಶ್ಚಿಮಕ್ಕೆ ಚೋರ್ಲಾ ಘಟ್ಟ ಇಳಿದರೆ ಗೋವಾ. 2023ರ ಜನವರಿಯಿಂದ ಗೋವಾದ ಮೋಪಾದಲ್ಲಿ ಎರಡನೇ ನಿಲ್ದಾಣವೂ ಸುರುವಾಗಿದೆ. ಖಾನಾಪುರ ತಾಲ್ಲೂಕಿನ ಕಣಕುಂಬಿ, ಜಾಂಬೋಟಿ ಕಡೆಯವರಿಗೆ ಗೋವಾ ರಸ್ತೆ ಮನೆಯ ಮುಂದೆಯೇ ಇದೆ. ಹೀಗೆ ನಾಲ್ಕು ಕಡೆ ಹಂಚಿಹೋಗುವ ಪ್ರಯಾಣಿಕರನ್ನು ಹಿಡಿದಿಡುವುದು ವೇಳಾಪಟ್ಟಿಯ ಮೇಲಿನ ವಿಶ್ವಾಸ. ಬೆಳಿಗ್ಗೆ ಬೆಂಗಳೂರಿಗೆ ಹೋಗಿ, ಕೆಲಸ ಮುಗಿಸಿ, ರಾತ್ರಿ ಮನೆಗೆ ಮರಳುವ ವಿಮಾನ ವರ್ಷಗಟ್ಟಲೆ ಅದೇ ವೇಳೆಗೆ ಇದ್ದರೆ ವ್ಯಾಪಾರಸ್ಥರು ತಮ್ಮ ಭೇಟಿಗಳನ್ನು ಅದಕ್ಕೆ ಹೊಂದಿಸಿಕೊಳ್ಳುತ್ತಾರೆ. ಇವತ್ತು ಇದ್ದು ನಾಳೆ ಇರದ ವಿಮಾನಕ್ಕೆ ಯಾರೂ ತಮ್ಮ ವ್ಯವಹಾರ ಕಟ್ಟಿಕೊಳ್ಳುವುದಿಲ್ಲ. ಪ್ರಯಾಣಿಕರು ಸಾಲದೆ ಮಾರ್ಗ ನಿಲ್ಲುತ್ತದೆ. ಹತ್ತರಗಿಯ ಏಕಸ್ ವಿಶೇಷ ಆರ್ಥಿಕ ವಲಯದಲ್ಲಿ ವಿಮಾನಗಳ ಬಿಡಿಭಾಗಗಳೇ ತಯಾರಾಗುತ್ತವೆ. ಅಂಥ ಕೈಗಾರಿಕೆ ಇರುವ ಜಿಲ್ಲೆಗೆ ಬರುವ ಗ್ರಾಹಕ, ಇಂಜಿನಿಯರ್, ತಪಾಸಣೆಯವರು ಯಾವ ನಿಲ್ದಾಣಕ್ಕೆ ಇಳಿಯಬೇಕೆಂದು ಪ್ರತಿ ಸಲ ಹೊಸದಾಗಿ ಹುಡುಕಬೇಕಾದ ಸ್ಥಿತಿ ಇರಬಾರದು.

ಬೇರೆ ದೇಶಗಳು ಈ ಗಂಟನ್ನು ಬೇರೆ ರೀತಿ ಬಿಚ್ಚಿವೆ. ಅಮೆರಿಕ 1978ರಲ್ಲಿ ವಿಮಾನಯಾನದ ಮೇಲಿನ ಸರ್ಕಾರಿ ಹಿಡಿತ ಸಡಿಲಿಸಿದಾಗ, ಸಣ್ಣ ಊರುಗಳು ಅನಾಥವಾಗುತ್ತವೆಂದು ಅದೇ ಕಾನೂನಿನಲ್ಲಿ ಅಗತ್ಯ ವಿಮಾನ ಸೇವೆಯ ಏರ್ಪಾಡು ಇಟ್ಟಿತು. ಅಂಥ ಊರಿನ ಕೊನೆಯ ವಿಮಾನ ನಿಲ್ಲಿಸಬೇಕೆಂದರೆ ಕಂಪನಿ ತಿಂಗಳುಗಳ ಮೊದಲೇ ನೋಟಿಸು ಕೊಡಬೇಕು; 2024ರ ತನಕ ಆ ಗಡುವು 90 ದಿನ ಇತ್ತು. ಬದಲಿ ಕಂಪನಿ ಸಿಗುವ ತನಕ ಹಾರಾಟ ಮುಂದುವರಿಸುವಂತೆ ಸಾರಿಗೆ ಇಲಾಖೆ ಆದೇಶ ಮಾಡಬಹುದು, ಆ ಅವಧಿಯ ನಷ್ಟ ತುಂಬಿಕೊಡಬೇಕಾದದ್ದೂ ಇಲಾಖೆಯೇ. ಯುರೋಪಿನ ಒಕ್ಕೂಟದಲ್ಲಿ 2008ರ ನಿಯಮದಂತೆ ಇಂಥ ಮಾರ್ಗಗಳಿಗೆ ವಾರಕ್ಕೆ ಎಷ್ಟು ಹಾರಾಟ, ಎಷ್ಟು ಆಸನ, ಎಷ್ಟು ದರ ಎಂಬುದನ್ನು ಸರ್ಕಾರವೇ ಮೊದಲು ಬರೆದು ಆಮೇಲೆ ಟೆಂಡರ್ ಕರೆಯುತ್ತದೆ. ಸಾಮಾನ್ಯವಾಗಿ ಅವಧಿ ನಾಲ್ಕು ವರ್ಷದವರೆಗೆ. ಅವಧಿ ಮುಗಿದರೂ ಅಗತ್ಯ ಇದ್ದರೆ ಮತ್ತೆ ಟೆಂಡರ್. ಊರಿನ ಅಗತ್ಯ ಮೂರು ವರ್ಷಕ್ಕೆ ತೀರಿಹೋಗುತ್ತದೆ ಎಂಬ ಕಲ್ಪನೆ ಅಲ್ಲಿ ಇಲ್ಲ. ನಮ್ಮಲ್ಲೂ 1994ರಿಂದ, ಲಾಭದ ಮಾರ್ಗಗಳಲ್ಲಿ ಹಾರುವ ಕಂಪನಿಗಳು ಈಶಾನ್ಯ ರಾಜ್ಯಗಳು, ಅಂಡಮಾನ್, ಲಕ್ಷದ್ವೀಪದಂಥ ಕಡೆಗೂ ಇಂತಿಷ್ಟು ಹಾರಲೇಬೇಕೆಂಬ ಕಟ್ಟಳೆ ಇದೆ. ಕಂಪನಿಗಳ ಮೇಲೆ ಹೊಣೆ ಹೊರಿಸುವುದು ನಮ್ಮ ಕಾನೂನಿಗೆ ಹೊಸದೇನಲ್ಲ.

ಕೇಂದ್ರದ 2025ರ ಬಜೆಟ್ಟಿನಲ್ಲಿ ಮಾರ್ಪಡಿಸಿದ ಉಡಾನ್ ಘೋಷಣೆಯಾಗಿದೆ: ಹತ್ತು ವರ್ಷದಲ್ಲಿ 120 ಹೊಸ ಊರುಗಳು, 4 ಕೋಟಿ ಪ್ರಯಾಣಿಕರು. ಅದಕ್ಕೂ ಮೊದಲು, 2024ರ ಮಾರ್ಚ್ 10ರಂದು, ಸಾಂಬ್ರಾದ ಇನ್ನೊಂದು ಹೊಸ ಟರ್ಮಿನಲ್‌ಗೆ ಪ್ರಧಾನಿ ನರೇಂದ್ರ ಮೋದಿ ದೂರದಿಂದಲೇ ಶಂಕುಸ್ಥಾಪನೆ ಮಾಡಿದ್ದಾರೆ. ಅದೇ ದಿನ ಹುಬ್ಬಳ್ಳಿಯದೂ ಆಯಿತು. ಕಟ್ಟಡಗಳಿಗೆ ಹಣ ಬರುತ್ತಿದೆ. ಅವುಗಳೊಳಗೆ ನಡೆಯಬೇಕಾದ ಸೇವೆಗೆ ಇನ್ನೂ ಭದ್ರವಾದ ಕರಾರಿಲ್ಲ.

ರಾಜ್ಯ ಸರ್ಕಾರ ಇಲ್ಲಿ ಕೈಕಟ್ಟಿ ಕೂರಬೇಕಾದ ಪಾಲುದಾರ ಅಲ್ಲ. ಭೂಮಿ ಅದರದ್ದು, ಇಂಧನ ತೆರಿಗೆಯ ತ್ಯಾಗ ಅದರದ್ದು, ಸಹಾಯಧನದ ಐದರಲ್ಲೊಂದು ಪಾಲೂ ಅದರದ್ದೇ. ಆ ಪಾಲು ಕೊಡುವಾಗ ಮೂರು ಷರತ್ತು ಕೇಳಲು ಅದಕ್ಕೆ ಪೂರ್ತಿ ಅಧಿಕಾರವಿದೆ: ನಿಲ್ಲಿಸುವ ಮೊದಲು 90 ದಿನದ ನೋಟಿಸು, ಬದಲಿ ಬರುವ ತನಕ ಹಾರಾಟ, ಬೆಂಗಳೂರಿಗೆ ಬೆಳಿಗ್ಗೆ ಹೋಗಿ ರಾತ್ರಿ ಬರುವ ಬದಲಾಗದ ವೇಳೆ. ಇದರ ಜೊತೆಗೆ, ಹಳೆಯ ಕಾಯ್ದೆಯಡಿ ಭೂಮಿ ಹೋದ ಮನೆಗಳ ಮಕ್ಕಳಿಗೆ ಹೊಸ ಟರ್ಮಿನಲ್‌ನ ಗುತ್ತಿಗೆ ಕೆಲಸಗಳಲ್ಲಿ, ಅಂಗಡಿಗಳಲ್ಲಿ, ಟ್ಯಾಕ್ಸಿ ಪರವಾನಗಿಯಲ್ಲಿ ಮೊದಲ ಅವಕಾಶ ಎಂದು ಪ್ರಾಧಿಕಾರದ ಜೊತೆ ಬರೆಸಿಕೊಳ್ಳಬೇಕು. ಭೂಮಿ ಪುಕ್ಕಟೆ ಕೊಟ್ಟ ಸರ್ಕಾರಕ್ಕೆ ಅಷ್ಟು ಕೇಳುವ ಬಾಯಿ ಇರಲೇಬೇಕು. ಹಲಗಾದ ಗುಡ್ಡದ ಮೇಲಿನ ಸುವರ್ಣ ವಿಧಾನಸೌಧದಲ್ಲಿ ಚಳಿಗಾಲದ ಅಧಿವೇಶನ ಕೂಡಿದಾಗ ಬೆಂಗಳೂರಿನ ಮಂತ್ರಿಗಳು, ಶಾಸಕರು, ಕಾರ್ಯದರ್ಶಿಗಳು ಅನೇಕರು ಸಾಂಬ್ರಾಕ್ಕೇ ಬಂದು ಇಳಿಯುತ್ತಾರೆ. ಬೆಳಗಾವಿ ಮತ್ತು ಖಾನಾಪುರದ ಶಾಸಕರು ಈ ಷರತ್ತುಗಳನ್ನು ಪ್ರಶ್ನೋತ್ತರದಲ್ಲಿ ಎತ್ತಿ, ಮೂಲಸೌಕರ್ಯ ಸಚಿವರಿಂದ ಲಿಖಿತ ಉತ್ತರ ಪಡೆಯಲಿ.